ಕಡೆಯ ಸ್ಥಾನದ ತಂಡ



ಹತ್ತು ತಂಡಗಳು ಸೇರಿ ಆಡುವ ಪಂದ್ಯಾವಳಿಯಲ್ಲಿ ಗೆಲ್ಲುವುದು ಒಂದೇ ತಂಡ. ಉಳಿದ ಒಂಬತ್ತರ ಮಾತನ್ನು ಯಾರೂ ಆಡುವುದಿಲ್ಲ. ಅದರಲ್ಲಿಯೂ ಕಡೆಯ ಸ್ಥಾನಕ್ಕಿಳಿದ ತಂಡವೆಂದರೆ ನಗೆಪಾಟಲಿನ ವಸ್ತುವೇ ಸರಿ. ಅಂಥ ಒಂದು ತಂಡದ ವಿಷಯವನ್ನು ಈ ತಿಂಗಳು ತಮ್ಮ ಮುಂದಿಡಬಯಸಿದ್ದೇವೆ. ಮಠದ ಪತ್ರಿಕೆಗೂ ಚೆಂಡಾಟಕ್ಕೂ ಏನು ನಂಟು ಎಂದು ತಾವು ಕೇಳಬಹುದು. ಆ ತಂಡದವರು ನಮ್ಮ ಪ್ರಸಾದನಿಲಯದಲ್ಲಿ ಉಂಡು ಓದಿದವರು ಎಂಬುದೊಂದು ನಂಟು. ಅವರ ಮುಂದೆ ಎದ್ದ ಪ್ರಶ್ನೆ ಒಂದಲ್ಲ ಒಂದು ದಿನ ನಮ್ಮೆಲ್ಲರ ಮುಂದೆಯೂ ಏಳುವಂಥದು ಎಂಬುದು ಇನ್ನೊಂದು.

ಬೆಂಗಳೂರಿನ ಪೂರ್ವಕ್ಕಿರುವ ಹೊರಮಾವು ಹಿಂದೆ ಕೆರೆ, ಹೊಲಗಳ ಹಳ್ಳಿ. ಕೆರೆ ಇಂದಿಗೂ ಇದೆ; ಹೊಲಗಳಿದ್ದ ಕಡೆ ಬಹುಮಹಡಿ ಮನೆಗಳೆದ್ದಿವೆ. ಅಲ್ಲಿ ಬಾಡಿಗೆ ಮನೆಗಳಲ್ಲಿರುವ ನಮ್ಮ ಹದಿನಾಲ್ಕು ಮಂದಿ ಹಳೆಯ ವಿದ್ಯಾರ್ಥಿಗಳು ಟೆನಿಸ್ ಚೆಂಡಿನ ಕ್ರಿಕೆಟ್ ತಂಡವೊಂದನ್ನು ಕಟ್ಟಿ, ಭಾನುವಾರಗಳಂದು ನಡೆಯುವ ಪಂದ್ಯಾವಳಿಗೆ ಸೇರಿದರು. ಅವರಲ್ಲಿ ಗಣಕಯಂತ್ರದ ಕೆಲಸದವರಿದ್ದಾರೆ, ಶಾಲಾ ಶಿಕ್ಷಕರಿದ್ದಾರೆ, ಉಗ್ರಾಣದಲ್ಲಿ ರಾತ್ರಿ ಪಾಳಿ ದುಡಿಯುವ ಒಬ್ಬ ಹುಡುಗನೂ ಇದ್ದಾನೆ.

ಈ ಆಟ ಬಡವರ ಬಂಧು. ಕ್ರಿಕೆಟ್ಟಿನ ಚರ್ಮದ ಚೆಂಡು ಸುಮಾರು 160 ಗ್ರಾಂ ತೂಗಿದರೆ ಟೆನಿಸ್ ಚೆಂಡಿನ ತೂಕ 58ರ ಆಸುಪಾಸು. ಪಂದ್ಯಗಳಲ್ಲಿ ಬಳಸುವ ಗಟ್ಟಿ ಚೆಂಡು ಅದಕ್ಕಿಂತ ತುಸು ಭಾರವಾದರೂ ಕಾಲುಕವಚ, ಕೈಗವಸುಗಳ ವೆಚ್ಚವಿಲ್ಲದೆ ಆಡಬಹುದು. ಇಕ್ಕಟ್ಟಾದ ಜಾಗವೇ ಆಟವನ್ನು ಹುಟ್ಟಿಸುವುದು ಎಲ್ಲೆಡೆಯೂ ಉಂಟು. ಅಮೆರಿಕದ ಕನೆಕ್ಟಿಕಟ್ ಪ್ರಾಂತ್ಯದಲ್ಲಿ 1953ರಲ್ಲಿ ಡೇವಿಡ್ ಮಲಾನಿ ಎಂಬಾತ ಮನೆಯ ಹಿತ್ತಿಲಲ್ಲಿ ಆಡುತ್ತಿದ್ದ ಮಗನಿಗಾಗಿ, ಒಂದು ಮಗ್ಗುಲಲ್ಲಿ ಎಂಟು ರಂಧ್ರಗಳುಳ್ಳ ಹಗುರವಾದ ಪ್ಲಾಸ್ಟಿಕ್ ಚೆಂಡನ್ನು ರೂಪಿಸಿದ. ತೋಳಿಗೆ ಶ್ರಮ ಕೊಡದೆಯೇ ಗಾಳಿಯಲ್ಲಿ ಬಾಗಿ ಸಾಗುವ ಆ ಚೆಂಡಿನಿಂದ ‘ವಿಫಲ್ ಬಾಲ್’ ಎಂಬ ಆಟವೇ ಬೆಳೆಯಿತು. ನಮ್ಮ ಗಲ್ಲಿಗಳ ಟೆನಿಸ್ ಚೆಂಡು ಅದರ ದಾಯಾದಿಯೇ ಸರಿ.

ನಮ್ಮ ಹುಡುಗರ ಪಾಲಿಗೆ ಮೊದಲ ಆರು ಪಂದ್ಯಗಳಲ್ಲಿ ಆರೂ ಸೋಲು. ಒಮ್ಮೆಯಂತೂ ಹತ್ತು ಓವರುಗಳ ಪಂದ್ಯದಲ್ಲಿ 38 ಓಟಗಳಿಗೆ ಎಲ್ಲರೂ ಔಟಾದರು. ಕಾರಣ ಗುಟ್ಟಿನದಲ್ಲ. ಗಂಟೆಗಿಷ್ಟು ಎಂದು ಬಾಡಿಗೆ ತೆತ್ತು ಮೈದಾನ ಹಿಡಿಯಬೇಕಾದ ಊರಿನಲ್ಲಿ ಅಭ್ಯಾಸಕ್ಕೆ ಎಡೆಯೆಲ್ಲಿ? ಉಗ್ರಾಣದ ಹುಡುಗ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿಯೇ ಬರುತ್ತಿದ್ದ. ಕೈಗೆ ಬಂದ ಚೆಂಡು ಜಾರಿ ಬೀಳುತ್ತಿತ್ತು.

ಆಗ ತಂಡದ ಇಬ್ಬರು ಒಳ್ಳೆಯ ಆಟಗಾರರು ಒಂದು ಸಲಹೆ ತಂದರು. ಪಂದ್ಯಕ್ಕಿಷ್ಟು ಎಂದು ಹಣ ಪಡೆದು ಯಾರ ಪರವಾಗಿಯಾದರೂ ಆಡುವವರು ನಗರದಲ್ಲಿದ್ದಾರೆ. ಅಂಥ ಮೂವರನ್ನು ಕರೆತರೋಣ, ದುರ್ಬಲರಾದ ಮೂವರು ಹೊರಗೆ ಕುಳಿತುಕೊಳ್ಳಲಿ. ನಿಯಮ ಇದಕ್ಕೆ ಅಡ್ಡಬರುತ್ತಿರಲಿಲ್ಲ. ಮಾತು ಬಿಸಿಯೇರಿತು. ನಾವು ಆ ವಾರ ಬೆಂಗಳೂರಿನಲ್ಲಿಯೇ ಬಿಡಾರ ಮಾಡಿದ್ದುದರಿಂದ ಎಲ್ಲರೂ ನಮ್ಮ ಬಳಿಗೆ ಬಂದು, “ಬುದ್ಧಿ, ತಾವು ಅಪ್ಪಣೆ ಕೊಡಿಸಬೇಕು” ಎಂದರು.

ನಾವು ತೀರ್ಪು ಕೊಡಲಿಲ್ಲ. ಹಳೆಯ ಸಂಗತಿಗಳೆರಡನ್ನು ನೆನಪಿಸಿದೆವು. 1941-42ರಲ್ಲಿ ಮೈಸೂರು ತಂಡ ರಣಜಿ ಟ್ರೋಫಿಯ ಅಂತಿಮ ಪಂದ್ಯ ತಲುಪಿ ಮುಂಬಯಿಗೆ ಸೋತಿತು. 1959-60ರಲ್ಲಿಯೂ ಹಾಗೆಯೇ ಆಯಿತು. ಪ್ರಸನ್ನರ ನಾಯಕತ್ವದಲ್ಲಿ, ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿಯನ್ನು ಮಣಿಸಿ, ಕರ್ನಾಟಕವು ಟ್ರೋಫಿಯನ್ನು ತಂದುದು 1973-74ರಲ್ಲಿ. ಇನ್ನೊಂದು, 1981-82ರ ಅಂತಿಮ ಪಂದ್ಯ. ಅಲ್ಲಿ ಕರ್ನಾಟಕ 705 ಓಟ ಗಳಿಸಿಯೂ ಸೋತಿತು. ದೆಹಲಿ ಎಂಟು ವಿಕೆಟ್ಟಿಗೆ 707 ಗಳಿಸಿತು. ಮರುವರ್ಷವೇ ಕರ್ನಾಟಕ ಮತ್ತೆ ಗೆದ್ದಿತು.

“ಬಲ್ಲವರಿದ್ದರೂ ಸೋಲು ತಪ್ಪಿದ್ದಲ್ಲ ಎಂಬುದಿಷ್ಟು. ಆದರೆ ರಾಜ್ಯದ ತಂಡ ಆಯ್ಕೆಯ ತಂಡ. ಅಲ್ಲಿ ಸಾಮರ್ಥ್ಯವೇ ಅಳತೆ, ಅದು ನ್ಯಾಯವೂ ಹೌದು. ನಿಮ್ಮದು ಅಂಥ ತಂಡವೇ, ಅಲ್ಲವೇ? ಅದನ್ನು ಮೊದಲು ನಿಶ್ಚಯಿಸಿಕೊಳ್ಳಿ” ಎಂದೆವು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ನಾಯಕನು, “ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತವರನ್ನು ಯಾರೂ ಎಬ್ಬಿಸಲಿಲ್ಲ, ಬುದ್ಧಿ. ನಾವೂ ಎಬ್ಬಿಸುವುದಿಲ್ಲ” ಎಂದ. ಆ ಇಬ್ಬರಿಗೆ ಇದು ಒಪ್ಪಿಗೆಯಾಗಲಿಲ್ಲ. ಬೇರೆ ತಂಡವನ್ನು ಸೇರಿದರು. ಅವರನ್ನು ನಾವು ದೂಷಿಸುವುದಿಲ್ಲ. ಗೆಲ್ಲಬೇಕೆಂದು ಆಡುವವನದು ಅಧರ್ಮವಲ್ಲ.

ಏಳನೆಯ ಪಂದ್ಯದಲ್ಲಿ ಸೋಲು ಇನ್ನೂ ದೊಡ್ಡದಾಯಿತು. ಎಂಟನೆಯದನ್ನು ನಾಲ್ಕು ಓಟಗಳಿಂದ ಗೆದ್ದರು. ಯಾರಿಗಾಗಿ ವಾದ ನಡೆದಿತ್ತೋ ಆ ಉಗ್ರಾಣದ ಹುಡುಗ ಅಂದು ಮೈದಾನದಲ್ಲಿರಲಿಲ್ಲ, ಬದಲಿ ಪಾಳಿಯಲ್ಲಿದ್ದ. ಸುದ್ದಿ ಅವನಿಗೆ ದೂರವಾಣಿಯಲ್ಲಿ ತಲುಪಿತು. ಒಂಬತ್ತನೆಯದರಲ್ಲಿ ಅವನೂ ಆಡಿದ, ತಂಡ ಸೋತಿತು. ಪಟ್ಟಿಯಲ್ಲಿ ಹತ್ತನೆಯ ಸ್ಥಾನ.

ಓದುಗರೇ, ಸೋಲು ಒಳ್ಳೆಯದೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಸೋತವನಿಗೆ ಹಾಗೆ ಉಪದೇಶಿಸುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಕ್ಯಾಚು ಹಿಡಿಯಲು ಕಲಿಯದಿದ್ದರೆ ಮುಂದಿನ ವರ್ಷವೂ ಸೋಲೇ. ಆದರೆ ಹಳ್ಳಿ ಬಿಟ್ಟು ಪಟ್ಟಣ ಸೇರಿದ ಹುಡುಗನಿಗೆ ವಾರಕ್ಕೊಮ್ಮೆ ತನ್ನ ಹೆಸರು ಹಿಡಿದು ಕರೆಯುವ ಹತ್ತು ಜನ ಬೇಕು. ಗೆಲುವಿನ ಆಸೆಗೆ ಆ ಹತ್ತು ಜನರನ್ನೇ ತೆತ್ತರೆ ಗೆದ್ದುದನ್ನು ಹಂಚಿಕೊಳ್ಳಲು ಉಳಿಯುವವರು ಯಾರು? ಕುಟುಂಬ, ಸಂಘ, ಶಾಲೆಗಳನ್ನು ನಡೆಸುವ ತಾವು ಯಾರನ್ನಾದರೂ ಹೊರಗೆ ಕೂರಿಸುವ ಮುನ್ನ, ಅದು ಯಾವುದಕ್ಕಾಗಿ ಹುಟ್ಟಿತೆಂಬುದನ್ನು ಒಮ್ಮೆ ವಿಚಾರಿಸಿಕೊಳ್ಳಿ.

ಮುಂದಿನ ಸಾಲಿನ ಪ್ರವೇಶಧನವನ್ನು ಅವರು ಆಗಲೇ ಕಟ್ಟಿದ್ದಾರೆ. ಹನ್ನೆರಡು ಮಂದಿ ಉಳಿದಿದ್ದಾರೆ. ಹೊರಮಾವಿನ ಸುತ್ತಮುತ್ತ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಭಾನುವಾರ ಬೆಳಿಗ್ಗೆ ಬಿಡುವಿದ್ದರೆ ಸೇರಿಕೊಳ್ಳಬಹುದು.