ಹಿಂದಿರುಗಿ ನೋಡಿದ ಗಾಯಕ

ಪ್ರಿಯಜನರನ್ನು ಮೃತ್ಯುವಿನ ಬಾಯಿಂದ ಬಿಡಿಸಿ ತರಲು ಹೊರಟವರ ಕಥೆಗಳು ಪ್ರಾಚೀನ ಜನಾಂಗಗಳಲ್ಲಿ ಉಂಟು. ನಮ್ಮಲ್ಲಿ ಸಾವಿತ್ರಿಯ ಉಪಾಖ್ಯಾನವು ಮನೆಮಾತಾಗಿರುವುದು. ಗ್ರೀಕರಲ್ಲಿ ಅಂಥವನು ಆರ್ಫಿಯಸ್. ಥ್ರೇಸ್ ದೇಶದ ಈ ಗಾಯಕನು ವೀಣೆಯನ್ನು ಮೀಟಿ ಹಾಡಿದರೆ ಮೃಗಗಳು ಮಣಿಯುತ್ತಿದ್ದುವು, ಮರಗಳು ಬಳಿಸಾರುತ್ತಿದ್ದುವು. ಅವನ ನವವಧು ಯೂರಿಡಿಸ್ ಹೂ ಕೊಯ್ಯುತ್ತಿದ್ದಾಗ ಹಾವು ಕಚ್ಚಿ ಸತ್ತಳು. ಆತನು ಪಾತಾಳಕ್ಕಿಳಿದು ಗಾನಬಲದಿಂದ ಅವಳನ್ನು ಮರಳಿ ಪಡೆದನು. ಬೆಳಕನ್ನು ಸೇರುವವರೆಗೆ ಹಿಂದಿರುಗಿ ನೋಡಕೂಡದೆಂಬುದು ಕಟ್ಟಳೆ. ನೋಡಿದನು, ಕಳೆದುಕೊಂಡನು.

ಪಾಶ್ಚಾತ್ಯ ಸಂಗೀತಗಾರರು ಈ ಕಥೆಯನ್ನು ಪುನಃಪುನಃ ಕೈಗೆತ್ತಿಕೊಂಡಿರುವರು. ಅವುಗಳಲ್ಲಿ ಕಳಶಪ್ರಾಯವಾದುದು ಕ್ಲಾಡಿಯೊ ಮಾಂಟೆವರ್ಡಿಯ ‘ಲೋರ್ಫೆಯೊ’. ಬರೋಕ್ ಎಂದು ಹೆಸರಾದ ಸಂಗೀತಯುಗದ ಹೊಸ್ತಿಲಲ್ಲಿ, 1607ನೆಯ ಇಸವಿ ಫೆಬ್ರವರಿಯಲ್ಲಿ, ಇಟಲಿಯ ಮ್ಯಾಂಟುವಾ ಅರಮನೆಯ ಇಕ್ಕಟ್ಟಾದ ರಂಗದ ಮೇಲೆ ಇದು ಮೊದಲು ನಡೆಯಿತು. ಪದಗಳನ್ನು ಕಟ್ಟಿದವನು ಅಲೆಸ್ಸಾಂಡ್ರೊ ಸ್ಟ್ರಿಜ್ಜೊ. ಬಹುಕಾಲ ಮರೆತಿದ್ದ ಕೃತಿಯು 1904ರಲ್ಲಿ ಪ್ಯಾರಿಸ್ಸಿನಲ್ಲಿ ಮರಳಿ ಕೇಳಿಬಂದುದು ವೇಷವಿಲ್ಲದ, ಪರದೆಯಿಲ್ಲದ ಕಚೇರಿಯಾಗಿ. ಈಗಲೂ ಅನೇಕ ವೇಳೆ ಹಾಗೆಯೇ ನಡೆಸುವರು. ಅದರಿಂದ ನಷ್ಟವೇನೂ ಇಲ್ಲ. ಏತಕ್ಕೆಂದರೆ ಲೋಕಗಳನ್ನು ಬದಲಾಯಿಸುವ ಕೆಲಸವನ್ನು ವಾದ್ಯಗಳೇ ಮಾಡುತ್ತವೆ. ಎರಡನೆಯ ಅಂಕವು ಮುಗಿದೊಡನೆ ಪಿಟೀಲಿನ ಬಳಗವೂ ಹಾರ್ಪ್ಸಿಕಾರ್ಡೂ ಮರದ ಕೊಳವೆಗಳ ಆರ್ಗನ್ನೂ ಸುಮ್ಮನಾಗಿ, ಟ್ರಾಂಬೋನ್, ಕಾರ್ನೆಟ್, ರೀಗಲ್‌ಗಳು ಪ್ರವೇಶಿಸಬೇಕೆಂದು ಮಾಂಟೆವರ್ಡಿಯು ಬರೆದಿರುವನು. ರೀಗಲ್ ಎಂಬುದು ಲೋಹದ ನಾಲಗೆಗಳು ಕಂಪಿಸಿ ಒರಟಾಗಿ ನುಡಿಯುವ ಚಿಕ್ಕ ಆರ್ಗನ್. ಭೂಮಿಯಿಂದ ಪಾತಾಳಕ್ಕೆ ಇಳಿದುದು ಕಿವಿಗೇ ತಿಳಿಯುತ್ತದೆ.

ಪಾತಾಳನದಿಯ ಅಂಬಿಗನಾದ ಕೇರಾನನ ಮುಂದೆ ಆರ್ಫಿಯಸ್ ಹಾಡುವ ಪ್ರಾರ್ಥನೆಯೇ ಈ ಕೃತಿಯ ಗೋಪುರ. ಮೊದಲ ಪದ್ಯಕ್ಕೆ ಮತ್ತೆ ಕಾಣಿಸಿಕೊಂಡ ಪಿಟೀಲುಗಳೆರಡು, ಮುಂದಿನದಕ್ಕೆ ಎರಡು ಕಾರ್ನೆಟ್ಟುಗಳು, ಮೂರನೆಯದಕ್ಕೆ ಹಾರ್ಪ್, ಹೀಗೆ ವಾದ್ಯಗಳು ಬದಲಾಗುತ್ತ ಹಾಡುವವನಿಗೆ ಮಾರುತ್ತರ ಕೊಡುತ್ತವೆ. ಗಾಯನದ ಪಂಕ್ತಿಯನ್ನು ಎರಡು ಬಗೆಯಾಗಿ ಮುದ್ರಿಸಿದೆ: ಒಂದು ಬರಿಯ ಸ್ವರ, ಇನ್ನೊಂದು ಅಲಂಕಾರಗಳಿಂದ ತುಂಬಿದುದು, ಗಾಯಕನು ಒಂದನ್ನು ಆರಿಸಿಕೊಳ್ಳಬೇಕು. ಇಷ್ಟೆಲ್ಲ ವೈದುಷ್ಯವನ್ನು ಕೇಳಿದ ಕೇರಾನನು ಏನೆಂದನು? ಸೊಗಸಾಗಿದೆ, ಆದರೆ ಕನಿಕರವು ತನಗೆ ಸಲ್ಲದು ಎಂದನು. ಅನಂತರ ವಾದ್ಯಗಳು ಮೆಲ್ಲನೆ ನುಡಿಯಲು ನಿದ್ದೆಹೋದನು! (ಇಂಥ ಶ್ರೋತೃಗಳು ನಮ್ಮ ಸಭೆಗಳಲ್ಲಿಯೂ ಅಪರೂಪವಲ್ಲ.) ದೋಣಿಯನ್ನು ಆರ್ಫಿಯಸ್ ತಾನೇ ನಡೆಸಿಕೊಂಡು ಹೋಗಬೇಕಾಯಿತು. ಪಾತಾಳಪತಿಯು ಕರಗಿದುದೂ ನೇರವಾಗಿ ಗಾನಕ್ಕಲ್ಲ. ಅದನ್ನು ಕೇಳಿ ಮರುಗಿದ ರಾಣಿ ಪ್ರೊಸರ್ಪಿನಾ ಪತಿಯನ್ನು ಬೇಡಿಕೊಂಡುದರಿಂದ ಅಪ್ಪಣೆಯು ದೊರೆಯಿತು.

ಮಹಾಭಾರತದ ಆದಿಪರ್ವವನ್ನು ಬಲ್ಲವರಿಗೆ ಇಲ್ಲಿ ರುರುವಿನ ಕಥೆಯು ನೆನಪಾಗದಿರದು. ಅವನು ವರಿಸಿದ ಪ್ರಮದ್ವರೆಯು ವಿವಾಹಕ್ಕೆ ಮುನ್ನವೇ ಹಾವನ್ನು ತುಳಿದು ಮಡಿದಳು. ರುರುವು ವನದಲ್ಲಿ ಗೋಳಿಡಲು ದೇವದೂತನು ಬಂದು ಉಪಾಯವನ್ನು ತಿಳಿಸಿದನು. ತನ್ನ ಆಯುಸ್ಸಿನ ಅರ್ಧವನ್ನು ಕೊಟ್ಟು ರುರುವು ಅವಳನ್ನು ಬದುಕಿಸಿಕೊಂಡನು. ಹಾವು ಒಂದೇ, ಅಳಲು ಒಂದೇ. ಕೊಟ್ಟ ಬೆಲೆ ಬೇರೆ. ಪ್ಲೇಟೋವಿನ ‘ಸಿಂಪೋಸಿಯಂ’ ಎಂಬ ಸಂವಾದದಲ್ಲಿ ಫೀಡ್ರಸನು ಆರ್ಫಿಯಸನನ್ನು ಇದಕ್ಕಾಗಿಯೇ ಹಳಿಯುವನು: ಪ್ರೇಮಕ್ಕಾಗಿ ಸಾಯಲಾರದೆ ಜೀವಸಹಿತ ಪಾತಾಳಕ್ಕೆ ನುಸುಳಿದ ಅಳ್ಳೆದೆಯ ವೀಣೆಗಾರನೆಂದು ದೇವತೆಗಳು ಅವನಿಗೆ ಪತ್ನಿಯ ನೆರಳನ್ನು ಮಾತ್ರ ತೋರಿ ಕಳುಹಿಸಿದರಂತೆ. ಆಕ್ಷೇಪವು ಬಲವಾದುದೇ. ಆದರೆ ನಾಲ್ಕನೆಯ ಅಂಕವನ್ನು ಕೇಳಿದವರು ಅದನ್ನು ಒಪ್ಪುವುದು ಕಷ್ಟ.

ಅಲ್ಲಿ ಆರ್ಫಿಯಸ್ ಮುಂದೆ ನಡೆಯುತ್ತಿರುವನು. ಪಿಟೀಲುಗಳೆರಡು ಉಲ್ಲಾಸದಿಂದ ನುಡಿಯುತ್ತಿವೆ. ಕೆಳದನಿಯ ವಾದ್ಯಗಳು ಒಂದೇ ಸಮನೆ ಹೆಜ್ಜೆಯಿಡುತ್ತಿವೆ. ಆತನು ತನ್ನ ವೀಣೆಯನ್ನು ಹೊಗಳಿ ಹಾಡುತ್ತಿರುವನು. ಥಟ್ಟನೆ ಒಂದು ಸಂಶಯ: ಅವಳು ಹಿಂದೆ ಬರುತ್ತಿರುವಳೆಂದು ಹೇಳುವವರಾರು? ಹೆಜ್ಜೆಯ ಲಯವು ಕಡಿಯುತ್ತದೆ, ಹಾಡು ಮಾತಾಗುತ್ತದೆ. ಮರೆಯಲ್ಲಿ ಏನೋ ಸದ್ದು. ತಿರುಗುತ್ತಾನೆ. ಯೂರಿಡಿಸಳ ಪಾಲಿಗೆ ಕೆಲವೇ ಸಾಲುಗಳು. ಪ್ರೀತಿಯು ಮಿತಿಮೀರಿದುದೇ ತನ್ನನ್ನು ಕಳೆಯಿತೆಂದು ಅಳುವಳು, ಅಷ್ಟೆ. ಅದು ಸಾಯಲಂಜಿದವನ ನೋಟವಲ್ಲ. ಅವಳಿಲ್ಲದ ಬೆಳಕಿನ ಕಡೆಗೆ ಒಂದಡಿಯನ್ನೂ ಇಡಲಾರದವನ ನೋಟ.

ಇಂಥ ಎಡೆಯಲ್ಲಿ ನಮ್ಮ ಆಲಂಕಾರಿಕರು ಸೂಕ್ಷ್ಮವಾದ ಗೆರೆಯೊಂದನ್ನು ಎಳೆದಿರುವರು. ಪ್ರೇಮಿಗಳಲ್ಲೊಬ್ಬರು ಲೋಕಾಂತರಕ್ಕೆ ಹೋದರೂ ಮರಳಿ ದೊರೆಯುವ ಆಸೆಯಿದ್ದರೆ ಅದು ಕರುಣವಿಪ್ರಲಂಭ, ಶೃಂಗಾರದ್ದೇ ಕವಲು, ಆಸೆಯಿಲ್ಲದಿದ್ದರೆ ಕರುಣವೇ. ಹೀಗೆಂದು ಸಾಹಿತ್ಯದರ್ಪಣದಲ್ಲಿ ವಿಶ್ವನಾಥನು ಹೇಳಿ, ನಾಗವರ್ಮನಿಂದ ಕನ್ನಡಿಗರಿಗೂ ಪರಿಚಿತವಾದ ಕಾದಂಬರಿಯ ಪುಂಡರೀಕ ಮಹಾಶ್ವೇತೆಯರನ್ನು ಉದಾಹರಿಸಿರುವನು. ಅಲ್ಲಿ ದಿವ್ಯವಾಣಿಯು ಕೇಳಿಬಂದೊಡನೆ ಕರುಣವು ಶೃಂಗಾರವಾಗುವುದು. ಇಲ್ಲಿ ಒಂದು ನೋಟದಿಂದ ಶೃಂಗಾರವು ಕರುಣವಾಗುವುದು. ಆ ಗೆರೆಯನ್ನು ಮಾಂಟೆವರ್ಡಿಯು, ನಡೆಯುತ್ತಿದ್ದ ಲಯವನ್ನು ನಿಲ್ಲಿಸಿ, ಕೇಳಿಸಿದನು.

ಕಥೆಯ ಕೊನೆಯನ್ನು ಮಾತ್ರ ಎರಡು ರೀತಿಯಾಗಿ ಹೇಳಿರುವರು. 1607ರಲ್ಲಿ ಅಚ್ಚಾದ ಪದಗಳ ಪುಸ್ತಕದಲ್ಲಿ, ಸ್ತ್ರೀಜಾತಿಯನ್ನೇ ಹಳಿದ ಆರ್ಫಿಯಸನ ಮೇಲೆ ಮದಿರಾದೇವತೆಯ ಉನ್ಮತ್ತ ಭಕ್ತೆಯರು ಮುನಿದು ಬರುವರು. 1609ರ ಸ್ವರಗ್ರಂಥದಲ್ಲಿ ಅದಿಲ್ಲ; ತಂದೆಯಾದ ಅಪೊಲೊ ಇಳಿದುಬಂದು ಮಗನನ್ನು ಸ್ವರ್ಗಕ್ಕೆ ಕರೆದೊಯ್ಯುವನು. ಈ ನಡುವೆ, 1607ರ ಸೆಪ್ಟೆಂಬರಿನಲ್ಲಿ, ಮಾಂಟೆವರ್ಡಿಯ ಪತ್ನಿ, ಗಾಯಕಿಯೂ ಆಗಿದ್ದ ಕ್ಲಾಡಿಯಾ, ತೀರಿಕೊಂಡಿದ್ದಳು. ಇವೆರಡನ್ನೂ ಗಂಟುಹಾಕುವುದು ಅವಸರವಾದೀತು. ಆದರೆ ಹೊಸ ಅಂತ್ಯದಲ್ಲಿಯೂ ಯೂರಿಡಿಸ್ ಬರುವುದಿಲ್ಲ. ಸೂರ್ಯನಲ್ಲಿ, ನಕ್ಷತ್ರಗಳಲ್ಲಿ ಅವಳ ಹೋಲಿಕೆಯನ್ನು ಕಾಣುವೆಯೆಂದು ಅಪೊಲೊ ಸಮಾಧಾನ ಹೇಳುವನು. ತಂದೆಮಕ್ಕಳು ಹಾಡುತ್ತ ಮೇಲೇರುವರು. ಕೆಳಗೆ ಗೊಲ್ಲರು ಕುಣಿಯಲಾರಂಭಿಸುವರು.