ಬಂಡೆಯೊಳಗಿನ ಆಕಾಶ

ಡಿಸೆಂಬರಿನ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಬಣ್ಣ ನೋಡಬೇಕೆಂದರೆ ಆಗ ನೆಲದ ಕೆಳಗಿಳಿಯಬೇಕು. 1950ರಲ್ಲಿ ಶುರುವಾದ ಇಲ್ಲಿನ ಸುರಂಗ ರೈಲು ಟುನ್ನೆಲ್‌ಬಾನಾಗೆ 100 ನಿಲ್ದಾಣಗಳು. ಅವುಗಳಲ್ಲಿ 90ಕ್ಕೂ ಹೆಚ್ಚು ಕಡೆ ಕಲಾಕೃತಿಗಳಿವೆ.

ನಾನು ರೈಲು ಹತ್ತಿದ್ದು ನೀಲಿ ಮಾರ್ಗದ ತುದಿಯ ಕುಂಗ್ಸ್‌ಟ್ರೆಡ್‌ಗೋರ್ಡೆನ್‌ನಲ್ಲಿ. ಎಸ್ಕಲೇಟರ್ ಇಳಿಯುತ್ತಲೇ ಇತ್ತು, ಇಳಿಯುತ್ತಲೇ ಇತ್ತು. ಕೊನೆಗೆ ಕಾಲಿಟ್ಟಿದ್ದು ನೆಲದಿಂದ 30 ಮೀಟರಿಗೂ ಆಳದ ಗುಹೆಯೊಂದಕ್ಕೆ! ಮೇಲಿನ ಉದ್ಯಾನದಲ್ಲಿ ಹಿಂದೆ ಮಾಕಲೋಸ್ ಎಂಬ ಅರಮನೆಯಿತ್ತು, 1825ರಲ್ಲಿ ಸುಟ್ಟುಹೋಯಿತು. ಅದರ ಶಿಲ್ಪಗಳ ಅಚ್ಚುಗಳನ್ನು ಕಲಾವಿದ ಉಲ್ರಿಕ್ ಸಾಮುಯೆಲ್ಸನ್ ಇಲ್ಲಿ ತಂದು ನಿಲ್ಲಿಸಿದ್ದಾರೆ. ಬಂಡೆಯಿಂದ ನೀರು ಜಿನುಗುತ್ತದೆ, ಪಾಚಿ ಬೆಳೆಯುತ್ತದೆ. ಅಪರೂಪದ ಪುಟ್ಟ ಜೇಡವೊಂದು ಇಲ್ಲೇ ಸಂಸಾರ ಹೂಡಿದೆಯಂತೆ.

ಮುಂದಿನದು ಟಿ-ಸೆಂಟ್ರಾಲೆನ್. ಎಲ್ಲ ಮಾರ್ಗಗಳೂ ಕೂಡುವ, ಸದಾ ಗಿಜಿಗುಡುವ ಜಾಗ. ಈ ಗಡಿಬಿಡಿಯಲ್ಲಿ ಮನಸ್ಸಿಗೆ ಸಮಾಧಾನ ಸಿಗಲೆಂದೇ ಪೇರ್ ಓಲೋಫ್ ಉಲ್ಟ್‌ವೆಟ್ 1975ರಲ್ಲಿ ಬಿಳಿಯ ಗುಹೆಯ ತುಂಬ ನೀಲಿ ಬಳ್ಳಿಗಳನ್ನು ಹಬ್ಬಿಸಿದರು. ಒಂದು ಕಡೆ ಕತ್ತೆತ್ತಿ ನೋಡಿದರೆ ಬಳ್ಳಿಗಳ ಬದಲು ಮನುಷ್ಯರ ನೀಲಿ ನೆರಳುಗಳು: ಬೆಸುಗೆ ಹಾಕುವವರು, ಬಡಗಿಗಳು. ನಿಲ್ದಾಣ ಕಟ್ಟಿದ ಕಾರ್ಮಿಕರೇ ಅವರು! ಉದ್ಘಾಟನೆಯ ಫಲಕದಲ್ಲಿ ಮಂತ್ರಿಗಳ ಹೆಸರು ಓದಿ ಬೆಳೆದ ನನಗೆ ಅಲ್ಲಿಂದ ಕಾಲು ಕೀಳುವುದೇ ಕಷ್ಟವಾಯಿತು.

ಸೋಲ್ನಾ ಸೆಂಟ್ರಮ್‌ನಲ್ಲಿ ಆಕಾಶವೇ ಕೆಂಡದಂತೆ ಕೆಂಪು. ಅದರಡಿ ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೂ ಹಸಿರು ಸ್ಪ್ರೂಸ್ ಮರಗಳ ಕಾಡು. ಹತ್ತಿರ ಹೋದರೆ ಕಡಿದುರುಳಿಸಿದ ಮರಗಳು, ಜನ ಬಿಟ್ಟುಹೋಗುತ್ತಿರುವ ಹಳ್ಳಿಗಳು. 70ರ ದಶಕದ ಸ್ವೀಡನ್ನಿನ ಚಿಂತೆಗಳನ್ನೆಲ್ಲ ಕಾರ್ಲ್-ಓಲೋವ್ ಬ್ಯೋರ್ಕ್ ಮತ್ತು ಆಂಡರ್ಸ್ ಓಬೆರ್ಗ್ ಈ ಗೋಡೆಗಳಿಗೆ ಇಳಿಸಿದ್ದಾರೆ.

ಕೆಂಪು ಮಾರ್ಗದ ಓಸ್ಟರ್‌ಮಾಲ್ಮ್‌ಸ್ಟೋರ್ಯ್ ನಿಲ್ದಾಣವನ್ನು ಶೀತಲ ಸಮರದ ದಿನಗಳಲ್ಲಿ ಅಣುಬಾಂಬಿನಿಂದ ರಕ್ಷಣೆ ಕೊಡುವ ಆಶ್ರಯತಾಣವಾಗಿಯೂ ಕಟ್ಟಿದರು. ಅದೇ ಗೋಡೆಗಳ ಮೇಲೆ ಸಿರಿ ಡೆರ್ಕೆರ್ಟ್ 1965ರಲ್ಲಿ ಶಾಂತಿ, ಸ್ತ್ರೀಸಮಾನತೆಗಳನ್ನು ಕೊರೆದರು. ಕಲೆ ಗ್ಯಾಲರಿಗಳಿಂದ ಹೊರಬಂದು ಎಲ್ಲರ ದಾರಿಯಲ್ಲಿ ನಿಲ್ಲಬೇಕೆಂದು ವೇರಾ ನಿಲ್ಸನ್ ಜೊತೆ ಹೋರಾಡಿದವರು ಇವರೇ.

ಮುಂದಿನ ಸ್ಟಾಡಿಯಾನ್‌ನಲ್ಲಿ ತಿಳಿನೀಲಿ ಬಂಡೆಯ ಮೇಲೆ ಕಾಮನಬಿಲ್ಲು. ಪಾತಾಳಕ್ಕಿಳಿಯಲು ಅಂಜುವವರಿಗೆ ಆಕಾಶ ದೂರವಿಲ್ಲ ಎಂಬ ಭರವಸೆ ಅದು. ಬಂಡೆ ಸಿಡಿಸಿ, ಒರಟು ಮೈಗೆ ಕಾಂಕ್ರೀಟ್ ಸಿಂಪಡಿಸಿ, ಉಬ್ಬುತಗ್ಗುಗಳನ್ನು ಹಾಗೇ ಉಳಿಸಿಕೊಂಡದ್ದರಿಂದಲೇ ಈ ಬೆಡಗು. ಗೋಡೆಗಳನ್ನು ನುಣ್ಣಗೆ ಮುಚ್ಚಿದ್ದರೆ ಗುಹೆಯ ಗುಂಗು ಎಲ್ಲಿರುತ್ತಿತ್ತು?

ಇದಾವುದೂ ಪ್ರವಾಸಿಗಳಿಗಾಗಿ ಮಾಡಿದ್ದಲ್ಲ. ನಿತ್ಯ ಕೆಲಸಕ್ಕೆ ಓಡುವವರಿಗಾಗಿ. ಹಾಗಾಗಿ ಅವರು ತಲೆಯೆತ್ತದೆ ನಡೆದುಹೋದರೂ ನನಗೆ ಬೇಸರವಾಗಲಿಲ್ಲ. ಚಂದ ಅವರಿಗೆ ಅಭ್ಯಾಸವಾಗಿಬಿಟ್ಟಿದೆ. ಒಂದು ನಗರ ತನ್ನವರಿಗೆ ತೋರಬಹುದಾದ ದೊಡ್ಡ ಮರ್ಯಾದೆ ಅದೇ.

ನೀವು ಹೋದರೆ ಮ್ಯೂಸಿಯಮ್ಮಿಗೆ ಮೊದಲು ಇಲ್ಲಿಗಿಳಿಯಿರಿ. ಒಂದು ಟಿಕೆಟ್ 75 ನಿಮಿಷ ನಡೆಯುತ್ತದೆ. ಬೇಕಾದಲ್ಲಿ ಇಳಿದು ಮತ್ತೆ ಹತ್ತಬಹುದು. ಎಸ್ಕಲೇಟರಿನಲ್ಲಿ ಮಾತ್ರ ಬಲಕ್ಕೆ ನಿಲ್ಲಿ, ಎಡಭಾಗ ಅವಸರದವರದು.