ಉಸಿರಿನ ಮೂಲ

ಮನೆಯ ಹಿರಿಯರೊಬ್ಬರು ಅಂತ್ಯಕಾಲದಲ್ಲಿರುವಾಗ ಬಳಿಯಲ್ಲಿದ್ದವರು ಅವರ ಮೂಗಿನೆದುರು ಹತ್ತಿಯ ಎಳೆಯೊಂದನ್ನು ಹಿಡಿದು ನೋಡುತ್ತಿದ್ದುದುಂಟು. ಎಳೆಯು ಅಲುಗದಿದ್ದರೆ ಪ್ರಾಣ ಹೋಯಿತೆಂದು ತಿಳಿಯುತ್ತಿದ್ದರು. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಹೃದಯವೂ ಮಿದುಳೂ ಅಡಗುತ್ತಿದ್ದುದರಿಂದ, ಇವುಗಳಲ್ಲಿ ಯಾವುದು ಮರಣವೆಂಬ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಉಸಿರಾಟದ ಯಂತ್ರವು ಬಂದ ಮೇಲೆ ಆ ಪ್ರಶ್ನೆ ಹುಟ್ಟಿತು. ಮಿದುಳು ಅಳಿದ ಮೇಲೂ ಯಂತ್ರವು ಗಾಳಿಯನ್ನು ತುಂಬುತ್ತಿದ್ದರೆ ಹೃದಯವು ಕೆಲವು ಕಾಲ ಮಿಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಈ ಸ್ಥಿತಿಯನ್ನು 1959ರಲ್ಲಿ ಪ್ಯಾರಿಸ್ಸಿನ ಮೊಲಾರೆ, ಗುಲೋಂ ಎಂಬ ವೈದ್ಯರು ವರ್ಣಿಸಿದರು. 1967ರ ಡಿಸೆಂಬರಿನಲ್ಲಿ ಕೇಪ್ ಟೌನಿನ ಶಸ್ತ್ರವೈದ್ಯ ಕ್ರಿಶ್ಚಿಯನ್ ಬರ್ನಾರ್ಡರು ಒಬ್ಬರ ಹೃದಯವನ್ನು ಮತ್ತೊಬ್ಬರಿಗೆ ಕಸಿಮಾಡಿದರು. ಮರುವರ್ಷವೇ ಹಾರ್ವರ್ಡ್ ವಿದ್ಯಾಪೀಠದ ಸಮಿತಿಯೊಂದು ಮಿದುಳಿನ ಮರಣದ ಲಕ್ಷಣಗಳನ್ನು ಪ್ರಕಟಿಸಿತು. ಆ ವರದಿಯಲ್ಲಿ ಅಂಗಗಳ ಮಾತೂ ಬಂದುದರಿಂದ, ಅಂಗಗಳ ಆಸೆಗಾಗಿಯೇ ಮರಣದ ಅರ್ಥವನ್ನು ತಿರುಚಿದರೋ ಎಂಬ ಶಂಕೆಯು ಇಂದಿಗೂ ಉಳಿದಿದೆ.

ಈ ಶಂಕೆಗೆ ಉತ್ತರವು ಪರೀಕ್ಷೆಯ ಕ್ರಮದಲ್ಲಿಯೇ ಇದೆ. ಮೈಯ ಅತಿಶೈತ್ಯ, ವಿಷ, ನಿದ್ರೆ ತರುವ ಔಷಧ ಇವು ಮರಣದ ವೇಷವನ್ನು ತಾಳಬಲ್ಲುವು. ಮೊದಲು ಇವು ಕಾರಣವಲ್ಲವೆಂದು ನಿಶ್ಚಯಿಸಬೇಕು. ಬಳಿಕ ಕಣ್ಣಿಗೆ ಬೆಳಕು ಬಿಟ್ಟು, ಕಿವಿಯೊಳಗೆ ತಣ್ಣೀರೆರೆದು, ಗಂಟಲನ್ನು ಕೆಣಕಿ ನೋಡುತ್ತಾರೆ. ಕೊನೆಯದು ಉಸಿರಿನ ಪರೀಕ್ಷೆ. ಆಮ್ಲಜನಕವನ್ನು ಒದಗಿಸುತ್ತಲೇ ಯಂತ್ರವನ್ನು ಬಿಡಿಸಿ, ರಕ್ತದಲ್ಲಿ ಇಂಗಾಲಾಮ್ಲ ವಾಯುವು ಸಾಕಷ್ಟು ಏರುವವರೆಗೆ ಕಾಯುತ್ತಾರೆ. ಉಸಿರಿಗೆ ಒಡೆಯನಾದ ಮಿದುಳುಕಾಂಡವು ಬದುಕಿದ್ದರೆ ಈ ಏರಿಕೆಯು ಅದನ್ನು ಎಚ್ಚರಿಸಿ ಎದೆಯನ್ನು ಅಲುಗಿಸಬೇಕು. ಅಲುಗದಿದ್ದರೆ ಉಸಿರಿನ ಮೂಲವೇ ಬತ್ತಿತು. ಹತ್ತಿಯ ಎಳೆಯು ಕೇಳುತ್ತಿದ್ದುದೂ ಇದನ್ನೇ. ವೈದ್ಯರು ಹಿರಿಯರ ಪ್ರಶ್ನೆಯನ್ನು ಕೈಬಿಟ್ಟಿಲ್ಲ. ಅದನ್ನು ಮೂಲಕ್ಕೇ ಒಯ್ದಿದ್ದಾರೆ.

ಭಾರತದಲ್ಲಿ 1994ರ ಮಾನವ ಅಂಗಾಂಗ ಕಸಿ ಕಾನೂನು ಮಿದುಳುಕಾಂಡದ ಮರಣವನ್ನು ಮರಣವೆಂದು ಅಂಗೀಕರಿಸಿತು. ನಾಲ್ವರು ವೈದ್ಯರು ಇದಕ್ಕೆ ಸಹಿಹಾಕಬೇಕು. ಕಸಿಮಾಡುವ ತಂಡದವರು ಇವರಲ್ಲಿ ಸೇರುವಂತಿಲ್ಲ. ಆರು ಗಂಟೆಗಳಿಗೆ ಕಡಿಮೆಯಿಲ್ಲದ ಅಂತರದಲ್ಲಿ ಪರೀಕ್ಷೆಗಳೆಲ್ಲವೂ ಎರಡು ಬಾರಿ ನಡೆಯಬೇಕು. ಅಂಗದಾನಕ್ಕೆ ಹತ್ತಿರದ ಬಂಧುಗಳ ಒಪ್ಪಿಗೆ ಬೇಕು.

ಆ ಆರು ಗಂಟೆಗಳು ಮನೆಯವರಿಗೆ ಯುಗಗಳಂತೆ ಕಳೆಯುವುವು. ತಾಯಿಯು ಮಗನ ಕೈಯನ್ನು ಮುಟ್ಟಿದರೆ ಅದು ಬೆಚ್ಚಗಿದೆ. ಕಣ್ಣೆದುರಿಗೆ ಎದೆ ಏರಿ ಇಳಿಯುತ್ತಿದೆ. ಆಗ ವೈದ್ಯರು "ಯಂತ್ರದಿಂದ ಬದುಕಿದ್ದಾನೆ" ಎಂದರೆ ಆಕೆಯಲ್ಲಿ ಸುಳ್ಳು ಆಸೆಯನ್ನು ಬಿತ್ತಿದಂತಾಯಿತು. ಗಾಢಮೂರ್ಛೆಯಿಂದ ಮರಳಿದವರುಂಟು, ಮಿದುಳು ಸತ್ತ ಮೇಲೆ ಮರಳುವುದಿಲ್ಲ. ಮರಣವನ್ನು ಮರಣವೆಂದೇ ತಿಳಿಸಿ, ಅದು ಮನಸ್ಸಿಗೆ ಇಳಿಯುವಷ್ಟು ಅವಕಾಶವನ್ನು ಕೊಟ್ಟು, ಆಮೇಲೆ ದಾನದ ಮಾತನ್ನು ಎತ್ತುವುದು ಧರ್ಮ.

2021ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯರ ಮಿದುಳು ಅಳಿದಾಗ ಅವರ ಬಂಧುಗಳು ಅಂಗದಾನಕ್ಕೆ ಒಪ್ಪಿದರು. ಇಂತಹ ಒಬ್ಬ ದಾನಿಯಿಂದ ಹೃದಯ, ಯಕೃತ್ತು, ಮೂತ್ರಪಿಂಡ ಮೊದಲಾದವು ಹಲವರಿಗೆ ಒದಗಬಹುದು. ಕೆಲವು ಮನೆಗಳು ಒಪ್ಪದಿರಬಹುದು. ಅವರನ್ನು ದೂರುವುದು ಸಲ್ಲದು. ಒಪ್ಪುವುದೂ ಒಪ್ಪದಿರುವುದೂ ಅವರ ಹಕ್ಕು. ಆದರೆ ತಮ್ಮವರು ತೀರಿಹೋದರೆಂಬ ಸತ್ಯವನ್ನು ಮರೆಯಿಲ್ಲದೆ ಕೇಳುವುದು ಅದಕ್ಕಿಂತ ಮೊದಲಿನ ಹಕ್ಕು.